ಓವನ್ ಒಳಗೆ ಯಾವ ಪಾತ್ರೆ ಇಡಬಹುದು? 'ಜಪಾನ್ ನಿಷೇಧ'ದ ಫಾರ್ವರ್ಡ್ ಹೇಳದ ವಿಷಯ

ಹೋದ ತಿಂಗಳು ನಮ್ಮ ಚಿಕ್ಕಮ್ಮ ಫೋನ್ ಮಾಡಿದ್ದರು. "ಏನೋ, ನಿಮ್ಮನೇಲಿ ಆ ಓವನ್ ಇನ್ನೂ ಇಟ್ಕೊಂಡಿದೀಯೇನೋ? ಜಪಾನ್‌ನವರೇ ಎಲ್ಲಾ ಎಸೀತಿದಾರಂತೆ. ನಾನಂತೂ ನಮ್ಮದರ ಪ್ಲಗ್ ತೆಗೆದು ಮೇಲೊಂದು ಬಟ್ಟೆ ಹೊದಿಸಿಬಿಟ್ಟೆ" ಅಂದರು. ಅದರ ಹಿಂದೆಯೇ ವಾಟ್ಸಾಪ್‌ನಲ್ಲಿ ಆ ಮೆಸೇಜೂ ಬಂತು. ಅಷ್ಟು ಹೊತ್ತಿಗೆ ಅದು ನಮ್ಮ ಫ್ಯಾಮಿಲಿ ಗ್ರೂಪಿನಲ್ಲಿ ಎರಡು ಸುತ್ತು ಹೊಡೆದಿತ್ತು.

ನಿಮಗೂ ಬಂದಿರುತ್ತದೆ. 2020ರ ಕೊನೆಯೊಳಗೆ ದೇಶದ ಎಲ್ಲಾ ಮೈಕ್ರೋವೇವ್ ಓವನ್‌ಗಳನ್ನೂ ನಾಶ ಮಾಡಲು ಜಪಾನ್ ಸರ್ಕಾರ ತೀರ್ಮಾನಿಸಿದೆ, ಹಿರೋಶಿಮಾ ವಿಶ್ವವಿದ್ಯಾಲಯದ ವಿಜ್ಞಾನಿಗಳ ಪ್ರಕಾರ 1945ರ ಸೆಪ್ಟೆಂಬರ್‌ನಲ್ಲಿ ಬಿದ್ದ ಅಣುಬಾಂಬಿಗಿಂತ ಹೆಚ್ಚು ಹಾನಿ ಈ ಓವನ್‌ಗಳಿಂದಾಗಿದೆ, ಇಟ್ಟುಕೊಂಡವರಿಗೆ ಜೈಲು, ಹೀಗೆ ಸಾಗುತ್ತದೆ. ಇದು ಮೂಲದಲ್ಲಿ ರಷ್ಯಾದ ವಿಡಂಬನೆ ಜಾಲತಾಣವೊಂದು ತಮಾಷೆಗೆ ಬರೆದದ್ದು. ತಮಾಷೆ ದಾರಿಯಲ್ಲೆಲ್ಲೋ ಉದುರಿಹೋಗಿ ಭಯ ಮಾತ್ರ ನಮ್ಮ ಊರಿಗೆ ಬಂದು ತಲುಪಿದೆ. ಬಾಂಬ್ ಬಿದ್ದದ್ದು 1945ರ ಆಗಸ್ಟ್ 6 ಮತ್ತು 9ರಂದು. ಹಿರೋಶಿಮಾದ ವಿಶ್ವವಿದ್ಯಾಲಯದವರು ತಮ್ಮ ಊರಿನ ಆ ತಿಂಗಳನ್ನು ಮರೆಯುತ್ತಾರೆಯೇ? ಅಷ್ಟು ಯೋಚಿಸಿದ್ದರೂ ಮೆಸೇಜು ಅಲ್ಲೇ ನಿಲ್ಲುತ್ತಿತ್ತು. 2020 ಮುಗಿದು ಎಷ್ಟೋ ಕಾಲವಾಯಿತು, ಜಪಾನ್‌ನಲ್ಲಿ ಇಂದಿಗೂ ಓವನ್‌ಗಳು ಮಾರಾಟವಾಗುತ್ತಲೇ ಇವೆ.

ಮುಂದಿನ ವಾರ ಚಿಕ್ಕಮ್ಮನ ಮನೆಗೆ ಹೋದೆ. ಓವನ್ ಬಟ್ಟೆ ಹೊದ್ದು ಮಲಗಿತ್ತು. ಹೋಟೆಲಿನಿಂದ ತರಿಸಿದ ಸಾಂಬಾರ್ ತೆಳ್ಳನೆಯ ಪ್ಲಾಸ್ಟಿಕ್ ಕವರಿನಲ್ಲಿ ಕೈ ಸುಡುವಷ್ಟು ಬಿಸಿಯಾಗಿತ್ತು. ಅದನ್ನು ಹೂವಿನ ಚಿತ್ರವಿರುವ ಮೆಲಮೈನ್ ಬಟ್ಟಲಿಗೆ ಸುರಿದು ಕೊಟ್ಟರು. ಓವನ್‌ಗೆ ಹೆದರಿದ ಮನೆಯಲ್ಲಿ ಹೆದರಬೇಕಾದ ಎರಡು ವಸ್ತುಗಳು ಮೇಜಿನ ಮೇಲೆಯೇ ಇದ್ದವು. ಓವನ್ ವಿಷಯದಲ್ಲಿ ಎಚ್ಚರ ವಹಿಸಬೇಕಾದ ಸಂಗತಿಗಳು ಖಂಡಿತ ಇವೆ, ಆದರೆ ಅವು ಆ ಫಾರ್ವರ್ಡ್‌ನಲ್ಲಿಲ್ಲ. ಹೆಚ್ಚಿನವು ನಾವು ಒಳಗಿಡುವ ಪಾತ್ರೆಗೆ ಸಂಬಂಧಿಸಿದವು. ಅದರಲ್ಲೂ ಈಗ ಬಹಳ ಮನೆಗಳಲ್ಲಿರುವುದು ಬರೀ ಬಿಸಿ ಮಾಡುವ ಓವನ್ ಅಲ್ಲ, ಗ್ರಿಲ್, ಕನ್ವೆಕ್ಷನ್ ಎಲ್ಲಾ ಸೇರಿದ ಓವನ್. ಗೊಂದಲ ಶುರುವಾಗುವುದೇ ಅಲ್ಲಿ.

ಮೊದಲು ಆ 'ಕಿರಣ'ದ ವಿಷಯ ಮುಗಿಸಿಬಿಡೋಣ

ಮೈಕ್ರೋವೇವ್ ಅಂದರೆ ರೇಡಿಯೋ ಅಲೆಗಳ ಜಾತಿಗೆ ಸೇರಿದ ಅಲೆ. ಮನೆಯ ಓವನ್ ಕೆಲಸ ಮಾಡುವುದು 2.45 ಗಿಗಾಹರ್ಟ್ಸ್‌ನಲ್ಲಿ. ನಿಮ್ಮ ವೈಫೈ ಕೂಡ ಹೆಚ್ಚುಕಡಿಮೆ ಅದೇ ತರಂಗಾಂತರದಲ್ಲಿ ಓಡಾಡುತ್ತದೆ. ವ್ಯತ್ಯಾಸ ಶಕ್ತಿಯಲ್ಲಿ: ವೈಫೈ ಪೆಟ್ಟಿಗೆ ಹೊರಸೂಸುವುದು ಒಂದು ವಾಟ್‌ನ ಹತ್ತನೇ ಒಂದು ಭಾಗದಷ್ಟು, ಓವನ್ ತನ್ನ ಲೋಹದ ಪೆಟ್ಟಿಗೆಯೊಳಗೆ ತುಂಬುವುದು 700ರಿಂದ 1000 ವಾಟ್.

ಎಕ್ಸ್-ರೇ, ಗಾಮಾ ಕಿರಣಗಳು ಅಣುಗಳಿಂದ ಎಲೆಕ್ಟ್ರಾನ್‌ಗಳನ್ನೇ ಕಿತ್ತು ಹಾಕಬಲ್ಲವು, ಅದರಿಂದ ಡಿಎನ್ಎಗೆ ಪೆಟ್ಟು ಬೀಳುತ್ತದೆ. ಮೈಕ್ರೋವೇವ್‌ನ ಒಂದೊಂದು ಕಣದ ಶಕ್ತಿ ನಾವು ಕಣ್ಣಲ್ಲಿ ನೋಡುವ ಬೆಳಕಿನ ಕಣಕ್ಕಿಂತ ಲಕ್ಷ ಪಟ್ಟಿಗೂ ಹೆಚ್ಚು ಕಡಿಮೆ. ಅದಕ್ಕೆ ಕೀಳುವ ತಾಕತ್ತಿಲ್ಲ, ಅಲುಗಾಡಿಸುವ ತಾಕತ್ತು ಮಾತ್ರ ಇದೆ. ನೀರಿನ ಅಣುವಿಗೆ ಒಂದು ಕಡೆ ಧನ, ಇನ್ನೊಂದು ಕಡೆ ಋಣ ವಿದ್ಯುತ್ ಅಂಶ ಇರುತ್ತದೆ. ಸೆಕೆಂಡಿಗೆ 245 ಕೋಟಿ ಸಲ ದಿಕ್ಕು ಬದಲಿಸುವ ಅಲೆಯ ಜೊತೆ ತಾನೂ ತಿರುಗಲು ಹೋಗಿ ಅದು ಪಕ್ಕದ ಅಣುಗಳಿಗೆ ಡಿಕ್ಕಿ ಹೊಡೆಯುತ್ತದೆ. ಆ ಗದ್ದಲವೇ ಬಿಸಿ. ಸ್ವಿಚ್ ಆರಿದ ಕ್ಷಣ ಅಲೆಯೂ ಇಲ್ಲ. ಬಲ್ಬ್ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಹೇಗೆ ಉಳಿಯುವುದಿಲ್ಲವೋ ಹಾಗೆಯೇ ಅನ್ನದಲ್ಲೂ ಏನೂ ಉಳಿದಿರುವುದಿಲ್ಲ.

ಹೊರಗೆ ಸೋರುವುದಿಲ್ಲವೇ? ಬಾಗಿಲಿನ ಗಾಜಿನ ಹಿಂದೆ ತೂತುತೂತಾದ ಲೋಹದ ಜಾಲರಿ ಇದೆಯಲ್ಲ, ಅದರ ತೂತು ಒಂದೆರಡು ಮಿಲಿಮೀಟರ್. ಅಲೆಯ ಉದ್ದ 12 ಸೆಂಟಿಮೀಟರ್. ಬೆಳಕು ಹೊರಬರುತ್ತದೆ, ಅಷ್ಟುದ್ದದ ಅಲೆ ಬರುವುದಿಲ್ಲ. ಸ್ವಲ್ಪ ಸೋರಿದರೂ ಓವನ್‌ನಿಂದ 5 ಸೆಂಟಿಮೀಟರ್ ದೂರದಲ್ಲಿ ಒಂದು ಚದರ ಸೆಂಟಿಮೀಟರಿಗೆ 5 ಮಿಲಿವಾಟ್ ದಾಟಬಾರದು ಎಂಬ ನಿಯಮ ಅಮೆರಿಕದಲ್ಲಿ 1971ರಿಂದಲೇ ಇದೆ. ಒಂದು ಅಡಿ ಹಿಂದೆ ಸರಿದರೆ ಅದೂ ಬಹಳಷ್ಟು ಇಳಿದುಹೋಗುತ್ತದೆ. ಬಾಗಿಲು ಸೊಟ್ಟಗಾಗಿದ್ದರೆ, ಕೀಲು ಸಡಿಲವಾಗಿದ್ದರೆ, ಜಾಲರಿ ಹರಿದಿದ್ದರೆ ಆ ಓವನ್ ಬಳಸಬೇಡಿ, ರಿಪೇರಿಯವರನ್ನು ಕರೆಯಿರಿ. ಈ ಒಂದು ಭಯ ನ್ಯಾಯವಾದದ್ದು.

ಇನ್ನೊಂದು ಫಾರ್ವರ್ಡ್ ಇದೆ: ಓವನ್ ಒಳಗೆ ಮೊಬೈಲ್ ಇಟ್ಟು ಬಾಗಿಲು ಹಾಕಿ ಇನ್ನೊಂದು ಫೋನಿನಿಂದ ಕರೆ ಮಾಡಿ, ರಿಂಗ್ ಆದರೆ ನಿಮ್ಮ ಓವನ್ ಸೋರುತ್ತಿದೆ ಎಂದರ್ಥ ಅಂತ. ಈ ಪರೀಕ್ಷೆಗೆ ಅರ್ಥವಿಲ್ಲ. ಟವರ್ ಸಿಗ್ನಲ್‌ನ ಕೋಟ್ಯಂತರ ಪಾಲಿನಲ್ಲಿ ಒಂದು ಪಾಲು ಸಿಕ್ಕರೂ ಹಿಡಿಯುವಂತೆ ಮೊಬೈಲನ್ನು ಮಾಡಿರುತ್ತಾರೆ. ಒಳ್ಳೆಯ ಓವನ್‌ನಲ್ಲೂ ರಿಂಗ್ ಆಗಬಹುದು. ಮಕ್ಕಳಿರುವ ಮನೆಯಲ್ಲಂತೂ ಇದನ್ನು ಮಾಡಲೇ ಹೋಗಬೇಡಿ. ಯಾರಾದರೂ ಅಭ್ಯಾಸಬಲದಿಂದ ಸ್ಟಾರ್ಟ್ ಒತ್ತಿದರೆ ಫೋನೂ ಹೋಯಿತು, ಓವನ್ನೂ ಹೋಯಿತು.

ಒಂದೇ ಪೆಟ್ಟಿಗೆಯೊಳಗೆ ಮೂರು ಒಲೆ

ಕನ್ವೆಕ್ಷನ್ ಮೈಕ್ರೋವೇವ್ ಎಂದು ಅಂಗಡಿಯಲ್ಲಿ ಮಾರುವ ಪೆಟ್ಟಿಗೆಯೊಳಗೆ ಮೂರು ಬೇರೆ ಬೇರೆ ಒಲೆಗಳಿವೆ. ಮೈಕ್ರೋವೇವ್ ಮೋಡ್‌ನಲ್ಲಿ ಅಲೆ ನೇರವಾಗಿ ಆಹಾರದೊಳಗೆ ಎರಡು ಮೂರು ಸೆಂಟಿಮೀಟರ್ ಇಳಿದು ಬಿಸಿ ಮಾಡುತ್ತದೆ, ಪೆಟ್ಟಿಗೆಯ ಗಾಳಿ ತಣ್ಣಗೇ ಇರುತ್ತದೆ. ಗ್ರಿಲ್ ಮೋಡ್‌ನಲ್ಲಿ ಮೇಲಿನ ಕಾಯಿಲ್ ಕೆಂಪಗೆ ಕಾದು ಕೆಂಡದ ಹಾಗೆ ಮೇಲ್ಮೈಯನ್ನು ಸುಡುತ್ತದೆ. ಕನ್ವೆಕ್ಷನ್‌ನಲ್ಲಿ ಕಾಯಿಲ್‌ನ ಬಿಸಿಯನ್ನು ಫ್ಯಾನ್ ಊದುತ್ತದೆ, ಒಳಗಿನ ಗಾಳಿಯೇ 180, 200 ಡಿಗ್ರಿ ಸೆಲ್ಸಿಯಸ್ ತಲುಪುತ್ತದೆ. ಬೇಕರಿಯ ಓವನ್‌ನ ತಮ್ಮ ಅನ್ನಿ.

ಪಾತ್ರೆಯ ನಿಯಮ ಈ ಮೂರಕ್ಕೂ ಬೇರೆ. ಕೆಲವು ಕಡೆ ಒಂದಕ್ಕೊಂದು ಪೂರಾ ಉಲ್ಟಾ.

ಮೈಕ್ರೋವೇವ್ ಮೋಡ್‌ಗೆ ಬೇಕಾದದ್ದು ಅಲೆಯನ್ನು ದಾಟಲು ಬಿಡುವ ಪಾತ್ರೆ. ಸ್ಟೀಲ್, ಅಲ್ಯೂಮಿನಿಯಂ, ಹಿತ್ತಾಳೆ ಅಲೆಯನ್ನು ವಾಪಸ್ ಕಳಿಸುತ್ತವೆ. ಸ್ಟೀಲ್ ಡಬ್ಬಿಯೊಳಗಿನ ಸಾರಿಗೆ ಅಲೆ ಸರಿಯಾಗಿ ತಲುಪುವುದೇ ಇಲ್ಲ. ಲೋಹದ ಚೂಪು ಅಂಚಿದ್ದರೆ, ತೆಳುವಾದ ಫಾಯಿಲ್ ಇದ್ದರೆ ವಿದ್ಯುತ್ ಅಲ್ಲಿ ಜಮಾಯಿಸಿ ಕಿಡಿ ಹಾರುತ್ತದೆ. ಹೋಟೆಲಿನ ಬೆಳ್ಳಿ ಬಣ್ಣದ ಡಬ್ಬಿ, ಪಾರ್ಸೆಲ್ ಕವರಿನ ಸ್ಟೇಪ್ಲರ್ ಪಿನ್, ಮರೆತು ಬಿಟ್ಟ ಚಮಚ, ಫೋರ್ಕ್, ಬಂಗಾರದ ಗೆರೆ ಇರುವ ಪಿಂಗಾಣಿ ತಟ್ಟೆ ಎಲ್ಲವೂ ಈ ಪಟ್ಟಿಯವೇ. ಓವನ್ನಿನ ಗೋಡೆಯೇ ಲೋಹವಲ್ಲವೇ ಎಂದು ನೀವು ಕೇಳಬಹುದು. ಹೌದು, ದಪ್ಪಗೆ ನುಣುಪಾಗಿ ಇರುವ ಲೋಹ ಸಾಮಾನ್ಯವಾಗಿ ಕಿಡಿ ಹಾರಿಸುವುದಿಲ್ಲ. ಆದರೆ ಯಾವ ಪಾತ್ರೆ ಯಾವ ಗೋಡೆಗೆ ತಾಗಿದಾಗ ಕಿಡಿ ಹಾರುತ್ತದೆಂದು ಅಡುಗೆಮನೆಯಲ್ಲಿ ನಿಂತು ಲೆಕ್ಕ ಹಾಕಲಾಗದು. ಆದ್ದರಿಂದ ಲೋಹವೇ ಬೇಡ.

ಕನ್ವೆಕ್ಷನ್ ಮೋಡ್‌ನಲ್ಲಿ ಇದೇ ಲೋಹ ರಾಜ. ಅಲ್ಲಿ ಅಲೆಯೇ ಇಲ್ಲ, ಬಿಸಿ ಗಾಳಿ ಮಾತ್ರ. ಅಲ್ಯೂಮಿನಿಯಂ ಕೇಕ್ ಟಿನ್, ಸ್ಟೀಲ್ ತಟ್ಟೆ, ಕಬ್ಬಿಣದ ಸಣ್ಣ ಬಾಣಲೆ ಎಲ್ಲವೂ ಸೈ. ಹಿಡಿಕೆ ಮಾತ್ರ ಪ್ಲಾಸ್ಟಿಕ್ ಅಥವಾ ಮರದ್ದಾಗಿರಬಾರದು. ಇಲ್ಲಿ ಬರಬಾರದ್ದು ಪ್ಲಾಸ್ಟಿಕ್.

ಕಾಂಬಿನೇಷನ್ ಮೋಡ್ ಅಂದರೆ ಅಲೆ ಮತ್ತು ಬಿಸಿ ಗಾಳಿ ಒಟ್ಟಿಗೆ, ಅಥವಾ ಅಲೆ ಮತ್ತು ಗ್ರಿಲ್ ಒಟ್ಟಿಗೆ. ಇಲ್ಲಿ ಪಾತ್ರೆ ಎರಡು ಪರೀಕ್ಷೆಯಲ್ಲೂ ಪಾಸಾಗಬೇಕು. ಅಲೆ ದಾಟಬೇಕು, ಜೊತೆಗೆ 200 ಡಿಗ್ರಿ ತಡೆಯಬೇಕು. ಮೊದಲನೆಯದರಲ್ಲಿ ಸ್ಟೀಲ್ ಫೇಲು, ಎರಡನೆಯದರಲ್ಲಿ ಪ್ಲಾಸ್ಟಿಕ್ ಫೇಲು. ನಮ್ಮ ಮನೆಗಳಲ್ಲಿ ಸಾಮಾನ್ಯವಾಗಿ ಸಿಗುವ ಪಾತ್ರೆಗಳಲ್ಲಿ ಉಳಿಯುವುದು ಬೊರೊಸಿಲಿಕೇಟ್ ಗಾಜು, ಮತ್ತು ಓವನ್‌ಗೆ ಆಗುತ್ತದೆ ಎಂದು ಬರೆದಿರುವ, ಲೋಹದ ಅಲಂಕಾರವಿಲ್ಲದ ಪಿಂಗಾಣಿ. ಓವನ್ ಜೊತೆ ಬಂದ ತಂತಿ ಸ್ಟ್ಯಾಂಡನ್ನು ಕಾಂಬಿನೇಷನ್‌ನಲ್ಲಿ ಬಳಸಬಹುದೋ ಇಲ್ಲವೋ ಎಂಬುದನ್ನು ಆ ಓವನ್ನಿನ ಪುಸ್ತಕದಲ್ಲೇ ನೋಡಬೇಕು. ಅದನ್ನು ಆ ಪೆಟ್ಟಿಗೆಗೆ ಅಳತೆ ನೋಡಿ ಮಾಡಿರುತ್ತಾರೆ. ಬೇರೆ ಓವನ್ನಿನ ಸ್ಟ್ಯಾಂಡ್ ತಂದು ಇಡಬೇಡಿ.

ಇದನ್ನು ನಾನು ಕಲಿತದ್ದು ಪುಸ್ತಕ ಓದಿ ಅಲ್ಲ. ಓವನ್ ತಂದ ಹೊಸದರಲ್ಲಿ 'ಮೈಕ್ರೋವೇವ್ ಸೇಫ್' ಎಂದು ಮುದ್ರೆಯಿದ್ದ ಡಬ್ಬಿಯಲ್ಲಿ ಪನೀರ್ ತುಂಡುಗಳನ್ನಿಟ್ಟು ಕಾಂಬಿನೇಷನ್ ಒತ್ತಿದೆ. ಸೇಫ್ ಅಂದಮೇಲೆ ಸೇಫ್ ತಾನೆ! ಹತ್ತು ನಿಮಿಷದಲ್ಲಿ ಡಬ್ಬಿ ದೋಸೆ ಹಿಟ್ಟಿನ ಹಾಗೆ ಸ್ಟ್ಯಾಂಡಿನ ತಂತಿಗಳ ನಡುವೆ ಇಳಿದಿತ್ತು. ಪನೀರ್ ಎಸೆದೆ. ವಾಸನೆ ಹೋಗಲು ಎರಡು ವಾರ ಬೇಕಾಯಿತು. ಆ ಡಬ್ಬಿ ಪಾಲಿಪ್ರೊಪಿಲೀನ್‌ನದು, ಅದು ಕರಗುವುದು 160 ಡಿಗ್ರಿಯ ಆಸುಪಾಸಿನಲ್ಲಿ, ಮೆತ್ತಗಾಗುವುದು ಅದಕ್ಕೂ ಮುಂಚೆ. ಮುದ್ರೆ ಸುಳ್ಳು ಹೇಳಿರಲಿಲ್ಲ. ಅದು ಮೈಕ್ರೋವೇವ್ ಮೋಡ್ ಬಗ್ಗೆ ಮಾತ್ರ ಹೇಳಿತ್ತು, ನಾನು ಇಡೀ ಪೆಟ್ಟಿಗೆ ಬಗ್ಗೆ ಎಂದುಕೊಂಡಿದ್ದೆ.

ಇದೇ ತಪ್ಪು ಬೇರೆ ಎರಡು ವೇಷದಲ್ಲೂ ಬರುತ್ತದೆ. ಕೇಕ್ ಮಾಡಿ ಮುಗಿದ ಕೂಡಲೇ ಅದೇ ಓವನ್ನಿನಲ್ಲಿ ಪ್ಲಾಸ್ಟಿಕ್ ಡಬ್ಬಿಯಲ್ಲಿ ಪಲ್ಯ ಬಿಸಿ ಮಾಡಲು ಹೋಗುತ್ತೇವೆ. ಮೋಡ್ ಮೈಕ್ರೋವೇವೇ ಇರಬಹುದು, ಆದರೆ ಗೋಡೆ, ತಟ್ಟೆ ಇನ್ನೂ ಕಾದಿರುತ್ತವೆ. ಇನ್ನೊಂದು, ಗಾಜಿನ ಡಬ್ಬಿಯ ಮುಚ್ಚಳ. ಡಬ್ಬಿ ಒಳ್ಳೆಯ ಗಾಜಿನದೇ, ಆದರೆ ಕ್ಲಿಪ್ ಇರುವ ಮುಚ್ಚಳ ಪ್ಲಾಸ್ಟಿಕ್. ಕನ್ವೆಕ್ಷನ್‌ಗೆ ಇಡುವಾಗ ಅದನ್ನು ತೆಗೆಯಲೇಬೇಕು. ಮೈಕ್ರೋವೇವ್ ಮೋಡ್‌ನಲ್ಲೂ ಕ್ಲಿಪ್ ಹಾಕಿ ಬಿಗಿ ಮಾಡಬೇಡಿ, ಆವಿಗೆ ದಾರಿ ಬೇಕು.

ಸೇಫ್ ಅಂದರೆ ಎಷ್ಟು ಸೇಫ್?

ಪ್ಲಾಸ್ಟಿಕ್ ಮೇಲಿನ 'ಮೈಕ್ರೋವೇವ್ ಸೇಫ್' ಮುದ್ರೆ ಮುಖ್ಯವಾಗಿ ಹೇಳುವುದು ಡಬ್ಬಿ ಕರಗುವುದಿಲ್ಲ, ಸೊಟ್ಟಗಾಗುವುದಿಲ್ಲ, ಅದರಿಂದ ಊಟಕ್ಕೆ ಇಳಿಯುವ ವಸ್ತು ನಿಗದಿತ ಮಿತಿಯೊಳಗಿದೆ ಎಂದು. ಏನೂ ಇಳಿಯುವುದೇ ಇಲ್ಲ ಎಂದು ಅದರ ಅರ್ಥವಲ್ಲ. 2023ರಲ್ಲಿ ಅಮೆರಿಕದ ನೆಬ್ರಾಸ್ಕ ವಿಶ್ವವಿದ್ಯಾಲಯದ ಸಂಶೋಧಕರು ಮಕ್ಕಳ ಆಹಾರದ ಪ್ಲಾಸ್ಟಿಕ್ ಡಬ್ಬಿ, ಪೌಚುಗಳನ್ನು ಮೈಕ್ರೋವೇವ್‌ನಲ್ಲಿ ಮೂರು ನಿಮಿಷ ಬಿಸಿ ಮಾಡಿ ನೋಡಿದರು. ಕೆಲವು ಡಬ್ಬಿಗಳ ಒಂದು ಚದರ ಸೆಂಟಿಮೀಟರ್ ಜಾಗದಿಂದ 42 ಲಕ್ಷದವರೆಗೆ ಮೈಕ್ರೋಪ್ಲಾಸ್ಟಿಕ್ ಕಣಗಳು, 211 ಕೋಟಿಯವರೆಗೆ ಇನ್ನೂ ಸಣ್ಣ ನ್ಯಾನೋ ಕಣಗಳು ಬಿಟ್ಟುಬಂದವು. ಇವು ದೇಹದೊಳಗೆ ಹೋಗಿ ಎಷ್ಟು ಹಾನಿ ಮಾಡುತ್ತವೆ ಎಂಬುದನ್ನು ವಿಜ್ಞಾನ ಇನ್ನೂ ಅಳೆಯುತ್ತಿದೆ, ಆ ಸಂಖ್ಯೆ ಕಂಡು ಗಾಬರಿ ಬೀಳಬೇಕಿಲ್ಲ. ಆದರೆ ಗಾಜಿನ ಬಟ್ಟಲು ಪಕ್ಕದಲ್ಲೇ ಇರುವಾಗ ಈ ಲೆಕ್ಕವೇ ಯಾಕೆ?

ನಿಮ್ಮದೇ ಹಳೆಯ ಡಬ್ಬಿಯನ್ನು ತೆಗೆದು ನೋಡಿ. ಸಾಂಬಾರ್ ನಿಂತ ಮಟ್ಟಕ್ಕೆ ಒಳಗೋಡೆಯಲ್ಲಿ ಕೆಂಪು ಗೆರೆ, ಅಲ್ಲಿ ಬೆರಳಾಡಿಸಿದರೆ ಒರಟು. ನೀರು ನೂರು ಡಿಗ್ರಿಗೆ ನಿಲ್ಲುತ್ತದೆ, ಒಗ್ಗರಣೆಯ ಎಣ್ಣೆ, ಹಲ್ವದ ಸಕ್ಕರೆ ನಿಲ್ಲುವುದಿಲ್ಲ. ಅವು ಅದಕ್ಕಿಂತ ಮೇಲೇರಿ ಪ್ಲಾಸ್ಟಿಕ್ಕನ್ನು ಕೊರೆಯುತ್ತವೆ. ಪ್ಲಾಸ್ಟಿಕ್ ಬಳಸಲೇಬೇಕು ಅಂದರೆ ಡಬ್ಬಿಯ ತಳದ ತ್ರಿಕೋನದಲ್ಲಿ 5 ಎಂದಿರುವುದು, ಜೊತೆಗೆ ಸೇಫ್ ಮುದ್ರೆ ಇರುವುದು, ಅದರಲ್ಲೂ ನೀರಿನಂಶದ ಆಹಾರಕ್ಕೆ, ಒಂದೆರಡು ನಿಮಿಷಕ್ಕೆ ಮಾತ್ರ. ನೀರಿನ ಬಾಟಲಿಯ 1, ಥರ್ಮೋಕೋಲ್ ಜಾತಿಯ 6, ಐಸ್‌ಕ್ರೀಮ್ ಡಬ್ಬಿ, ಮೊಸರಿನ ಡಬ್ಬಿ ಇವು ತಣ್ಣನೆಯದಕ್ಕೆ ಮಾಡಿದವು. ಹೋಟೆಲಿನಿಂದ ಬಂದ ತೆಳು ಕಪ್ಪು ಡಬ್ಬಿಯನ್ನು ಹಾಗೇ ಒಳಗಿಡುವ ಅಭ್ಯಾಸ ಈಗ ಬಹಳ ಮನೆಗಳಲ್ಲಿದೆ, ಅದನ್ನು ಬಿಡಿ. ಬಟ್ಟಲಿಗೆ ಸುರಿಯಲು ಹತ್ತು ಸೆಕೆಂಡ್ ಸಾಕು.

ಮೆಲಮೈನ್ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಅದು ನೋಡಲು ಪಿಂಗಾಣಿಯಂತೆ, ಎತ್ತಿದರೆ ಹಗುರ, ಬಿದ್ದರೆ ಒಡೆಯುವುದಿಲ್ಲ, ಅದಕ್ಕೇ ಮನೆಮನೆಯಲ್ಲಿದೆ. ಆದರೆ ಅದು ಅಲೆಯನ್ನು ತಾನೇ ಹೀರಿಕೊಂಡು ಕಾಯುತ್ತದೆ, ಬಿಸಿಯಲ್ಲಿ ಮೆಲಮೈನ್ ಅಂಶ ಊಟಕ್ಕೆ ಇಳಿಯುತ್ತದೆ. ಓವನ್ ಇಲ್ಲದೆಯೂ ಇಳಿಯುತ್ತದೆ. 2013ರಲ್ಲಿ ತೈವಾನ್‌ನ ಸಂಶೋಧಕರು 12 ಜನರಿಗೆ ಬಿಸಿ ನೂಡಲ್ ಸೂಪನ್ನು ಒಮ್ಮೆ ಮೆಲಮೈನ್ ಬಟ್ಟಲಿನಲ್ಲಿ, ಒಮ್ಮೆ ಪಿಂಗಾಣಿ ಬಟ್ಟಲಿನಲ್ಲಿ ಕೊಟ್ಟು ಮೂತ್ರ ಪರೀಕ್ಷಿಸಿದರು. ಮೆಲಮೈನ್ ಬಟ್ಟಲಿನಲ್ಲಿ ಕುಡಿದಾಗ ಮೂತ್ರದಲ್ಲಿ ಹೊರಬಂದ ಮೆಲಮೈನ್ ಸುಮಾರು ಆರು ಪಟ್ಟು. ಪ್ರಮಾಣ ಸಣ್ಣದೇ, ಆದರೂ ಇದು ಬರೀ ಒಂದು ಬಟ್ಟಲು ಸೂಪಿನ ಲೆಕ್ಕ. ಚಿಕ್ಕಮ್ಮನ ಹೂವಿನ ಬಟ್ಟಲು ಅವಲಕ್ಕಿ, ಹಣ್ಣು, ಚಕ್ಕುಲಿಗೆ ಇರಲಿ, ಕುದಿಯುವ ಸಾಂಬಾರಿಗೆ ಬೇಡ.

ಯಾವ ಪಾತ್ರೆ ಎಂದು ತಿಳಿಯದಿದ್ದರೆ ಒಂದು ಪರೀಕ್ಷೆ. ಖಾಲಿ ಪಾತ್ರೆಯ ಪಕ್ಕದಲ್ಲಿ ಒಂದು ಗಾಜಿನ ಲೋಟದಲ್ಲಿ ನೀರಿಟ್ಟು ಮೈಕ್ರೋವೇವ್ ಮೋಡ್‌ನಲ್ಲಿ ಒಂದು ನಿಮಿಷ ಓಡಿಸಿ. ನೀರು ಬಿಸಿಯಾಗಿ ಪಾತ್ರೆ ತಣ್ಣಗಿದ್ದರೆ ಅದು ಅಲೆಯನ್ನು ದಾಟಲು ಬಿಡುತ್ತದೆ. ಪಾತ್ರೆಯೇ ಕಾದಿದ್ದರೆ ಬೇಡ. ನೀರಿಡುವುದನ್ನು ಮರೆಯಬೇಡಿ, ಓವನ್ನನ್ನು ಖಾಲಿ ಓಡಿಸಬಾರದು. ಈ ಪರೀಕ್ಷೆ ಅಲೆಯ ವಿಷಯ ಮಾತ್ರ ಹೇಳುತ್ತದೆ, ಪಾತ್ರೆ 200 ಡಿಗ್ರಿ ತಡೆಯುತ್ತದೋ, ಪ್ಲಾಸ್ಟಿಕ್‌ನಿಂದ ಏನಾದರೂ ಇಳಿಯುತ್ತದೋ ಎಂಬುದನ್ನು ಹೇಳುವುದಿಲ್ಲ. ಲೋಹದ ಅಂಚಿರುವುದನ್ನು ಪರೀಕ್ಷೆಗೂ ಇಡಬೇಡಿ.

ಮಣ್ಣಿನ ಪಾತ್ರೆ ಕೆಲವೊಮ್ಮೆ ಈ ಪರೀಕ್ಷೆಯಲ್ಲೇ ಫೇಲಾಗುತ್ತದೆ, ಯಾಕೆಂದರೆ ತೊಳೆದಾಗ ಹೀರಿದ ನೀರು ಗೋಡೆಯೊಳಗೇ ಕುಳಿತಿರುತ್ತದೆ. ಅದು ಕುದಿದರೆ ಪಾತ್ರೆ ಬಿರುಕು ಬಿಡುತ್ತದೆ.

ಗಾಜೆಂದರೆ ಎಲ್ಲ ಗಾಜೂ ಒಂದೇ ಅಲ್ಲ. ಬೊರೊಸಿಲಿಕೇಟ್ ಗಾಜು ಬಿಸಿಗೆ ಹಿಗ್ಗುವುದು ಮಾಮೂಲಿ ಗಾಜಿನ ಸುಮಾರು ಮೂರನೇ ಒಂದು ಭಾಗ, ಅದಕ್ಕೇ ಸುಲಭಕ್ಕೆ ಒಡೆಯುವುದಿಲ್ಲ. ಉಪ್ಪಿನಕಾಯಿಯ ಖಾಲಿ ಬಾಟಲಿ, ಜ್ಯೂಸ್ ಕುಡಿಯುವ ಲೋಟ ಆ ಜಾತಿಯವಲ್ಲ. ಬೊರೊಸಿಲಿಕೇಟ್ ಕೂಡ ಚಿರಂಜೀವಿಯೇನಲ್ಲ. ಒಲೆಕಟ್ಟೆಯ ಗ್ರಾನೈಟ್ ಮೇಲೆ ಈಗಷ್ಟೇ ಒದ್ದೆ ಬಟ್ಟೆಯಲ್ಲಿ ಒರೆಸಿರುತ್ತೀರಿ, ಅಲ್ಲಿಗೆ 200 ಡಿಗ್ರಿಯ ಗಾಜಿನ ತಟ್ಟೆ ತಂದಿಟ್ಟರೆ ಟಪ್ ಎನ್ನಬಹುದು. ಮರದ ಮಣೆಯೋ ಮಡಿಸಿದ ಒಣ ಬಟ್ಟೆಯೋ ಇರಲಿ. ಫ್ರಿಜ್‌ನಿಂದ ತೆಗೆದದ್ದನ್ನು ನೇರ ಕಾದ ಓವನ್ನಿಗೂ ಇಡಬೇಡಿ.

ಹಪ್ಪಳ ಕಲಿಸುವ ಪಾಠ

ಈಗ ಅಡುಗೆ. ಗಿರಗಿರನೆ ತಿರುಗುವ ತಟ್ಟೆಯ ನಟ್ಟನಡುವೆ ಒಂದು ಹಪ್ಪಳ ಇಟ್ಟು 40 ಸೆಕೆಂಡ್ ಬಿಟ್ಟು ನೋಡಿ. ಒಂದು ಕಡೆ ಅರಳಿ ಬೆಳ್ಳಗಾಗಿರುತ್ತದೆ, ಇನ್ನೊಂದು ಕಡೆ ಹಸಿ. ಅಲೆಗಳು ಗೋಡೆಯಿಂದ ಗೋಡೆಗೆ ಬಡಿದು ಒಂದರ ಮೇಲೊಂದು ಬಿದ್ದು ಕೆಲವು ಜಾಗದಲ್ಲಿ ಜೋರಾಗಿ, ಕೆಲವು ಜಾಗದಲ್ಲಿ ಸಪ್ಪೆಯಾಗಿರುತ್ತವೆ. ಆಹಾರ ಆ ಜಾಗಗಳಲ್ಲೆಲ್ಲಾ ಹಾದುಹೋಗಲಿ ಎಂದೇ ತಟ್ಟೆ ತಿರುಗುವುದು, ಆದರೆ ನಡುವಿನಲ್ಲಿಟ್ಟದ್ದು ಇದ್ದಲ್ಲೇ ಸುತ್ತುತ್ತದೆ. ಹಾಗಾಗಿ ತುಂಡುಗಳನ್ನು ಅಂಚಿನಲ್ಲಿ ಬಳೆಯ ಹಾಗೆ ಜೋಡಿಸಿ, ನಡುವೆ ಖಾಲಿ ಬಿಡಿ. ಬಟ್ಟಲಿನಲ್ಲಿ ಇರುವುದನ್ನು ಅರ್ಧಕ್ಕೆ ನಿಲ್ಲಿಸಿ ಒಮ್ಮೆ ಕಲಕಿ. ಆಮೇಲೆ ಎರಡು ನಿಮಿಷ ಮುಚ್ಚಿಡಿ, ಬಿಸಿ ಕಡೆಯಿಂದ ತಣ್ಣನೆ ಕಡೆಗೆ ಶಾಖ ಹರಿಯಲಿ. ಇದು ರುಚಿಯ ಮಾತಷ್ಟೇ ಅಲ್ಲ. ನಿನ್ನೆಯ ಸಾರಿನ ಅಂಚು ಕುದಿಯುತ್ತಾ ನಡುವೆ ಉಗುರುಬೆಚ್ಚಗಿದ್ದರೆ ಅಲ್ಲಿನ ಬ್ಯಾಕ್ಟೀರಿಯಾಗಳಿಗೆ ಏನೂ ಆಗಿರುವುದಿಲ್ಲ. ಉಳಿದದ್ದನ್ನು ಬಿಸಿ ಮಾಡಿದಾಗ ಎಲ್ಲಾ ಕಡೆ 74 ಡಿಗ್ರಿ ಮುಟ್ಟಬೇಕು, ಅಂದರೆ ನಡುಭಾಗದಲ್ಲೂ ಆವಿ ಏಳಬೇಕು. ಅನ್ನದ ವಿಷಯದಲ್ಲಿ ಇನ್ನೂ ಒಂದು ಮಾತು: ಇಡೀ ದಿನ ಹೊರಗಿದ್ದ ಅನ್ನದಲ್ಲಿ ಬೆಳೆಯುವ ಬ್ಯಾಸಿಲಸ್ ಸಿರಿಯಸ್ ಎಂಬ ಬ್ಯಾಕ್ಟೀರಿಯಾ ಬಿಡುವ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಮಾಡಿದ ಎರಡು ಗಂಟೆಯೊಳಗೆ ಫ್ರಿಜ್ ಸೇರಿರಬೇಕು.

ಪವರ್ ಬಟನ್ ನಾವು ಮುಟ್ಟುವುದೇ ಇಲ್ಲ. ಮಾಮೂಲಿ ಓವನ್ನಿನಲ್ಲಿ 50 ಶೇಕಡಾ ಎಂದರೆ ಅಲೆ ಅರ್ಧ ಹೊತ್ತು ಬಂದು ಅರ್ಧ ಹೊತ್ತು ನಿಲ್ಲುವುದು, ಅದಕ್ಕೇ ಗುಂಯ್ ಸದ್ದು ಏರಿಳಿಯುತ್ತದೆ. ಆ ಬಿಡುವಿನಲ್ಲಿ ಶಾಖ ಹರಡುತ್ತದೆ. ಫ್ರೀಜರಿನಿಂದ ತೆಗೆದ ಮಾಂಸವನ್ನೋ ಬಟಾಣಿಯನ್ನೋ ಪೂರ್ತಿ ಪವರಿನಲ್ಲಿಟ್ಟರೆ ಅಂಚು ಬೆಂದು ನಡುವೆ ಕಲ್ಲಾಗಿ ಉಳಿಯುತ್ತದೆ. ಮಂಜುಗಡ್ಡೆ ಅಲೆಯನ್ನು ಸರಿಯಾಗಿ ಹೀರುವುದಿಲ್ಲ, ಕರಗಿದ ನೀರು ಗಟಗಟ ಹೀರುತ್ತದೆ, ಕರಗಿದ ಕಡೆಗೇ ಬಿಸಿ ಎಲ್ಲಾ ಹೋಗುತ್ತದೆ. 30 ಶೇಕಡಾದಲ್ಲಿ ನಿಧಾನಕ್ಕೆ ಮಾಡಿ.

ಚಪಾತಿ ರಟ್ಟಿನಂತಾಗುವುದು ನೀರು ಹಾರಿಹೋಗಿ. ಒದ್ದೆ ಮಾಡಿ ಹಿಂಡಿದ ಬಟ್ಟೆಯಲ್ಲಿ ಸುತ್ತಿ 15-20 ಸೆಕೆಂಡ್ ಸಾಕು. ಬಿಸಿಬೇಳೆಬಾತ್‌ಗೆ ಮೇಲೆ ನಾಲ್ಕು ಚಮಚ ನೀರು ಚಿಮುಕಿಸಿ. ಬೀನ್ಸ್, ಕ್ಯಾರೆಟ್‌ನಂಥ ತರಕಾರಿ ಕಾಲು ಕಿಲೋಗೆ ಎರಡು ಮೂರು ಚಮಚ ನೀರು, ಮುಚ್ಚಿದ ಗಾಜಿನ ಬಟ್ಟಲು, ನಾಲ್ಕೈದು ನಿಮಿಷ. ಮುಚ್ಚಲು ಏನೂ ಇಲ್ಲದಿದ್ದರೆ ಬಾಳೆ ಎಲೆಯ ತುಂಡೂ ಆಗುತ್ತದೆ. 'ಮೈಕ್ರೋವೇವ್‌ನಲ್ಲಿ 97 ಶೇಕಡಾ ಪೋಷಕಾಂಶ ನಾಶ' ಎಂಬ ಫಾರ್ವರ್ಡ್ ಹುಟ್ಟಿದ್ದು 2003ರಲ್ಲಿ ಸ್ಪೇನ್‌ನವರು ಬ್ರೊಕೋಲಿ ಮೇಲೆ ಮಾಡಿದ ಅಧ್ಯಯನದಿಂದ. ಅಲ್ಲಿ ನಷ್ಟವಾದದ್ದು ಫ್ಲೇವನಾಯ್ಡ್ ಎಂಬ ಒಂದು ಗುಂಪು, ಬೇಯಿಸಿದ್ದು ನೀರು ಹಾಕಿ. ನೀರಿಗೆ ಇಳಿದುಹೋದದ್ದನ್ನು ಅಲೆಯ ಲೆಕ್ಕಕ್ಕೆ ಬರೆದರು. ನೀರು ಕಡಿಮೆ, ಸಮಯ ಕಡಿಮೆ ಆದರೆ ವಿಟಮಿನ್ ಸಿ ಉಳಿಯುವುದು ನೀರಿನಲ್ಲಿ ಕುದಿಸಿ ಬಸಿಯುವುದಕ್ಕಿಂತ ಹೆಚ್ಚೇ. ಹಾಗಂತ ತೊಗರಿಬೇಳೆ ಬೇಯಿಸಲು ಓವನ್ ಹಚ್ಚುವುದು ನನಗೆ ಸರಿ ಕಾಣುವುದಿಲ್ಲ. ಕುಕ್ಕರಿನ ಮುಂದೆ ಅದು ಸೋಲುತ್ತದೆ.

ಮೈಕ್ರೋವೇವ್‌ನಲ್ಲಿ ಯಾವುದೂ ಕೆಂಪಗಾಗುವುದಿಲ್ಲ ಎಂಬ ದೂರು ನಿಜ. ಒದ್ದೆ ಇರುವವರೆಗೆ ಆಹಾರ ನೂರು ಡಿಗ್ರಿ ಆಸುಪಾಸಿನಲ್ಲೇ ನಿಲ್ಲುತ್ತದೆ, ಹೊಂಬಣ್ಣ ಮತ್ತು ಆ ಘಮ ಬರಲು 140 ಡಿಗ್ರಿ ದಾಟಬೇಕು. ಕಾಂಬಿನೇಷನ್ ಹುಟ್ಟಿದ್ದು ಇದಕ್ಕೇ: ಒಳಗೆ ಅಲೆ ಬೇಯಿಸುತ್ತದೆ, ಹೊರಗೆ ಬಿಸಿ ಗಾಳಿ ಕೆಂಪಗೆ ಮಾಡುತ್ತದೆ. ಅರ್ಧ ಕಿಲೋ ಆಲೂಗಡ್ಡೆ ಹೆಚ್ಚಿ, ಒರೆಸಿ ಒಣಗಿಸಿ, ಒಂದು ದೊಡ್ಡ ಚಮಚ ಎಣ್ಣೆ, ಉಪ್ಪು, ಖಾರದಪುಡಿ ಹಚ್ಚಿ ಬೊರೊಸಿಲಿಕೇಟ್ ತಟ್ಟೆಯಲ್ಲಿ ಒಂದೇ ಪದರವಾಗಿ ಹರಡಿ 200 ಡಿಗ್ರಿಯ ಕಾಂಬಿನೇಷನ್‌ಗೆ ಇಡಿ. ಕನ್ವೆಕ್ಷನ್ ಒಂದರಲ್ಲೇ 40 ನಿಮಿಷ ಹಿಡಿಯುವುದು ಇಲ್ಲಿ ಇಪ್ಪತ್ತರ ಸುಮಾರಿಗೆ ಮುಗಿಯುತ್ತದೆ. ಹೂರಣ ತುಂಬಿದ ದೊಣ್ಣೆಮೆಣಸಿನಕಾಯಿ, ಬದನೆಕಾಯಿ, ಮಸಾಲೆ ಹಚ್ಚಿದ ಚಿಕನ್ ಎಲ್ಲಕ್ಕೂ ಇದೇ ದಾರಿ. ಪಾತ್ರೆಯ ತುಂಬಾ ತುರುಕಿದರೆ ಮಾತ್ರ ಆವಿಯಲ್ಲಿ ಬೆಂದು ಬಿಳಿಚಿಕೊಳ್ಳುತ್ತದೆ.

ಕೇಕಿಗೆ, ಬಿಸ್ಕತ್ತಿಗೆ ಕಾಂಬಿನೇಷನ್ ಬೇಡ, ಬರೀ ಕನ್ವೆಕ್ಷನ್, ಲೋಹದ ಟಿನ್. ಹತ್ತು ನಿಮಿಷ ಮುಂಚೆ ಕಾಯಿಸಿಕೊಳ್ಳಿ. ಫ್ಯಾನ್ ಇಲ್ಲದ ಓವನ್ನಿಗೆ ಬರೆದ ರೆಸಿಪಿಯಾದರೆ 20 ಡಿಗ್ರಿ ಇಳಿಸಿ, 200 ಎಂದಿದ್ದರೆ 180. ಮೇಲ್ಭಾಗ ಬೇಗ ಕಪ್ಪಾದರೆ ಟಿನ್ ಕೆಳಗಿನ ಸ್ಟ್ಯಾಂಡಿಗೆ ಇಳಿಸಿ. ಪ್ಲಗ್ ಬಗ್ಗೆ ಒಂದು ಮಾತು: ಕನ್ವೆಕ್ಷನ್‌ನಲ್ಲಿ ಇವು 2000 ವಾಟ್‌ಗೂ ಹೆಚ್ಚು ಎಳೆಯಬಹುದು. ಮೊಬೈಲ್ ಚಾರ್ಜರ್ ಹಾಕುವ ಸಣ್ಣ ಪಾಯಿಂಟಿಗೋ ಎಕ್ಸ್‌ಟೆನ್ಷನ್ ಬೋರ್ಡಿಗೋ ಸಿಕ್ಕಿಸಬೇಡಿ. ಅರ್ಥಿಂಗ್ ಇರುವ 16 ಆಂಪಿಯರ್ ಪಾಯಿಂಟೇ ಬೇಕು.

ಸುಡುವ ನೀರು, ಸಿಡಿಯುವ ಮೊಟ್ಟೆ, ಮಗುವಿನ ಹಾಲು

ನುಣುಪಾದ ಗಾಜಿನ ಲೋಟದಲ್ಲಿ ಬರೀ ನೀರನ್ನು ಹೆಚ್ಚು ಹೊತ್ತು ಕಾಯಿಸಿದರೆ ಅದು ಗುಳ್ಳೆಯೇ ಏಳದೆ ನೂರು ಡಿಗ್ರಿ ದಾಟಬಹುದು. ಶಾಂತವಾಗಿ ಕಾಣುವ ಆ ನೀರಿಗೆ ಕಾಫಿಪುಡಿ ಹಾಕಿದ ಕೂಡಲೇ ಭುಸ್ಸೆಂದು ಮುಖಕ್ಕೇ ಉಕ್ಕುತ್ತದೆ. ಲೋಟದಲ್ಲಿ ಒಂದು ಮರದ ಚಮಚ ಇಟ್ಟು ಕಾಯಿಸಿ, ಗುಳ್ಳೆ ಏಳಲು ಜಾಗ ಸಿಗುತ್ತದೆ. ಸಿಪ್ಪೆ ಇರುವ ಮೊಟ್ಟೆಯನ್ನು ಎಂದೂ ಇಡಬೇಡಿ. ಸಿಪ್ಪೆ ಸುಲಿದ ಬೇಯಿಸಿದ ಮೊಟ್ಟೆಯೂ ಕಚ್ಚಿದಾಗ ಸಿಡಿದ ಪ್ರಸಂಗಗಳಿವೆ. ಇಡೀ ಆಲೂಗಡ್ಡೆಗೆ, ಟೊಮೆಟೊಗೆ ಫೋರ್ಕಿನಿಂದ ಚುಚ್ಚಿ ಇಡಿ.

ಎಲ್ಲಕ್ಕಿಂತ ಮುಖ್ಯವಾದದ್ದು ಮಗುವಿನ ಹಾಲು. ಬಾಟಲಿ ಮುಟ್ಟಿದರೆ ಬೆಚ್ಚಗಿರುತ್ತದೆ, ಒಳಗೆ ಎಲ್ಲೋ ಒಂದು ಕಡೆ ಸುಡುವ ಹಾಲು ಕುಳಿತಿರುತ್ತದೆ. ಮಗುವಿನ ಬಾಯಿಗೆ ಮೊದಲು ಹೋಗುವುದು ಅದೇ ಆಗಿರಬಹುದು. ಎದೆಹಾಲಾದರೆ ಅದರ ರೋಗನಿರೋಧಕ ಅಂಶಗಳೂ ಹಾಳಾಗುತ್ತವೆ. ಬಿಸಿನೀರಿನ ಬಟ್ಟಲಿನಲ್ಲಿ ಬಾಟಲಿ ನಿಲ್ಲಿಸಿ, ಅಲುಗಿಸಿ, ಮಣಿಕಟ್ಟಿನ ಮೇಲೆ ಒಂದು ಹನಿ ಬಿಟ್ಟು ನೋಡುವ ನಮ್ಮ ಅಜ್ಜಿಯರ ಪದ್ಧತಿಯೇ ಇಲ್ಲಿ ಸರಿ. ಫ್ಯಾಮಿಲಿ ಗ್ರೂಪಿನಲ್ಲಿ ಹೊಸದಾಗಿ ತಾಯಿಯಾದವರು ಇದ್ದರೆ, ಜಪಾನ್ ಬದಲು ಈ ಒಂದು ಸಾಲನ್ನು ಕಳಿಸಿ.

ಚಿಕ್ಕಮ್ಮನ ಓವನ್ನಿನ ಬಟ್ಟೆ ಈಗ ಇಳಿದಿದೆ. ಮೊನ್ನೆ ಮತ್ತೆ ಫೋನ್ ಮಾಡಿದ್ದರು. "ಹಪ್ಪಳ ಅಂಚಲ್ಲಿಟ್ಟೆ ಕಣೋ, ಚೆನ್ನಾಗಿ ಅರಳ್ತು. ಅಲ್ವೋ, ನಮ್ಮ ಮದುವೇಲಿ ಬಂದ ಪಿಂಗಾಣಿ ಸೆಟ್ ಇದೆಯಲ್ಲ, ಅದನ್ನ ಇಡಬಹುದಾ?"

"ಅಂಚಲ್ಲಿ ಬಂಗಾರದ ಗೆರೆ ಇದೆಯಾ ನೋಡಿ ಚಿಕ್ಕಮ್ಮ."

"ಇದೆ ಕಣೋ, ಅದೇ ಅಲ್ವಾ ಅದರ ಚೆಂದ."

"ಹಾಗಿದ್ರೆ ಶೋಕೇಸಲ್ಲೇ ಇರಲಿ ಬಿಡಿ."